ಕೊಸರು

ಈ ಶೆಡ್ಡಿನಲ್ಲಿ ಮೊದಲು ರೇಷ್ಮೆ ಬಿಚ್ಚುತ್ತಿದ್ದರು.
ಬಾನಿಗಳು ಈಗಲೂ ಇವೆ, ಸಾಲಾಗಿ, ತಣ್ಣಗೆ.
ಒಂದರಲ್ಲಿ ಅಕ್ಕಿ, ಮೂಲೆಯದರಲ್ಲಿ ರಾಗಿ,
ನಡುವಿನದರಲ್ಲಿ ಹುರುಳಿ, ಯಾರಾದರೂ ಕೊಟ್ಟ ವಾರ.
ಎಷ್ಟು ಸುಣ್ಣ ಬಳಿದರೂ ಗೋಡೆ ತುಂಬ ಹುಳದ ವಾಸನೆ.
ಶಿಡ್ಲಘಟ್ಟದವರಿಗೆ ಅದು ವಾಸನೆಯಲ್ಲ, ಬಿಡಿ.

ಬುಧವಾರ ಬೆಳಿಗ್ಗೆ ಏಳಕ್ಕೆ ಬಾಗಿಲು ತೆಗೆಯುತ್ತೇವೆ.
ಹೆಸರು ಬರೆಯುವುದು ಡ್ರಾಯಿಂಗ್ ಮೇಷ್ಟ್ರು,
ರಿಟೈರಾಗಿ ಎಂಟು ವರ್ಷ,
ಪ್ರತಿ ಹೆಸರಿನಡಿ ಒಂದು ಗೆರೆ ಎಳೆಯದೆ ಮುಂದೆ ಹೋಗರು.
ಅಳೆಯುವುದು ನಾನು.
ಸೇರು ನಮ್ಮತ್ತೆಯದು, ಹಿತ್ತಾಳೆ,
ಅಂಚು ಒಂದು ಕಡೆ ತಗ್ಗಿದೆ.

ಶುರುವಿನಲ್ಲಿ ಮೂವತ್ತೊಂದು ಮನೆ.
ಆಗ ಸೇರಿನ ಮೇಲೆ ಗೋಪುರ ನಿಲ್ಲಿಸಿ
ಅದರ ಮೇಲೊಂದು ಹಿಡಿ ಕೊಸರು ಹಾಕುತ್ತಿದ್ದೆ.
ಕೊಸರಿಲ್ಲದೆ ಅಳೆದರೆ ಕೈಗೆ ನಾಚಿಕೆ, ಅನ್ನುತ್ತಿದ್ದರು ಅತ್ತೆ.
ಸೊಪ್ಪಿನವಳೂ ಹಾಕುತ್ತಾಳೆ ನಾಲ್ಕು ಕಡ್ಡಿ,
ಕನಕಾಂಬರದವಳೂ ಮೊಳದ ಮೇಲೆ ಎರಡು ಬೆರಳು.

ಆಮೇಲೆ ಪರಿಷ್ಕರಣೆ ಅಂತ ಒಂದು ಪದ ಬಂತು.
ಯುಗಾದಿಗೆ ಎಪ್ಪತ್ತು ಮನೆ. ಮಾವಿನ ಕಾಲಕ್ಕೆ ನೂರ ಹನ್ನೆರಡು.
ಹೋದ ವಾರ ಸಾಲು ಸೈಕಲ್ ಷಾಪು ದಾಟಿ
ಗೂಡಿನ ಮಾರ್ಕೆಟ್ಟಿನ ಕಾಂಪೌಂಡು ಮುಟ್ಟಿತು.

ದೊಡ್ಡಪಿಳ್ಳಪ್ಪ ಚೀಲ ಹಿಡಿದು ಗಟ್ಟಿಯಾಗೇ ಹೇಳಿದ:
"ನನ್ನೆಸರಲ್ಲಿ ರಿಟರ್ನ್ ಅದೆ ಅಂತ ಕಾರ್ಡು ತೆಗೆದವ್ರೆ ಮೇಷ್ಟ್ರೆ,
ನಾನು ಸಿಂಗಲ್ಲೇ ಎಲ್ಲೂ ಹೋಗಿಲ್ಲ, ರಿಟರ್ನ್ ಎಲ್ಲಿಂದ ಬಂತು?"
ಇಡೀ ಸಾಲು ನಕ್ಕಿತು.
ಅಳಿಯನ ಆಟೋ ಸಾಲಕ್ಕೆ ಏಜೆಂಟು ಮಾಡಿಸಿದ ಕಾಗದ ಅದು.
ಆಟೋವನ್ನು ಫೈನಾನ್ಸಿನವರು ಒಯ್ದು ವರ್ಷವಾಯಿತು,
ಕಾಗದ ಮಾತ್ರ ಇನ್ನೂ ಓಡುತ್ತಿದೆ.

ಖಾದರ್‌ಬೀ ಏನೂ ಹೇಳಲಿಲ್ಲ, ಹೆಬ್ಬೆಟ್ಟು ತೋರಿಸಿದರು.
ಸುಲಿದ ಬೆಳ್ಳುಳ್ಳಿ ಎಸಳು.
ಮೂವತ್ತು ವರ್ಷ ಕುದಿನೀರಲ್ಲಿ ಎಳೆಯ ತುದಿ ಹುಡುಕಿದ್ದು.
ಮಷೀನು ಮೂರು ಸಲ ಕೆಂಪಾಯಿತಂತೆ.
"ನಾನು ನಾನಲ್ಲವಂತೆ," ಎಂದು ಸುತ್ತ ನೋಡಿ,
"ಆ ಮೂಲೆ ಬಾನಿ ನಂದಿತ್ತು," ಎಂದರು.
ಅವರಿಗೆ ರಾಗಿ ಅಳೆದೆ, ಅದರಿಂದಲೇ.

ಕೊಸರು ಹೋಯಿತು. ಆಮೇಲೆ ಗೋಪುರ ಹೋಯಿತು.
ಈಗ ಮೇಷ್ಟ್ರ ಮರದ ಸ್ಕೇಲು ಇಸಿದುಕೊಂಡು
ಸೇರಿನ ತಲೆ ಸವರುತ್ತೇನೆ.
ಅಂಚು ತಗ್ಗಿದ ಕಡೆಯಿಂದ ನಾಲ್ಕು ಕಾಳು ಜಾರುತ್ತವೆ.
ಆ ಕಡೆಯನ್ನು ಅವರ ಚೀಲದ ಬಾಯಿಗೆ ತಿರುಗಿಸಿ ಹಿಡಿಯುತ್ತೇನೆ.
ಮೇಷ್ಟ್ರು ನೋಡುತ್ತಾರೆ, ಗೆರೆ ಎಳೆಯುತ್ತಾರೆ.

ತಾಲ್ಲೂಕು ಕಚೇರಿಯಲ್ಲಿ ಹನ್ನೊಂದು ಪ್ರಶ್ನೆಯಂತೆ.
ನಮ್ಮದು ಒಂದೇ: ಮನೆಯಲ್ಲಿ ಎಷ್ಟು ಜನ?
ಅದಕ್ಕೂ ಸುಳ್ಳು ಹೇಳುತ್ತಾರೆ.
ಹೆಚ್ಚಿಗೆಯಲ್ಲ.
"ನಮ್ಮತ್ತೆ ಅಷ್ಟು ಉಣ್ಣಲ್ಲ, ಬಿಟ್ಟಾಕಿ."
"ದೊಡ್ಡೋನು ಹೋಟ್ಲಲ್ಲವ್ನೆ, ಅಲ್ಲೇ ತಿಂತಾನೆ."
ಹಿಂದಿರುಗಿ ಒಮ್ಮೆ ಸಾಲು ನೋಡುತ್ತಾರೆ,
ಒಂದು ತಲೆ ಇಳಿಸುತ್ತಾರೆ.
ನನಗೆ ಗೊತ್ತು ಅಂತ ಅವರಿಗೂ ಗೊತ್ತು.

ಇವತ್ತು ಮುನಿಯಲ್ಲಮ್ಮ, "ನಾಲ್ಕು," ಅಂದಳು.
ಮೇಷ್ಟ್ರು ನಾಲ್ಕು ಬರೆದರು.
ಸೆರಗಿನ ಹಿಂದಿನಿಂದ ಒಂದು ಹುಡುಗಿ,
ಸ್ಕೂಲಿನ ಯೂನಿಫಾರಂ, ಒಂದು ಜಡೆಗೆ ಮಾತ್ರ ಟೇಪು,
ಮಾತಾಡದೆ ಕೈ ಎತ್ತಿತು
ಐದೂ ಬೆರಳು ಅಗಲಿಸಿ.
ತಾಯಿಗೆ ಕಾಣಲಿಲ್ಲ.
ನೀಲಿ ಇಂಕು ಮೆತ್ತಿದ ಹೆಬ್ಬೆಟ್ಟಿನ ಮೇಲೆ
ಸುರುಳಿ ಸುರುಳಿ ಗೆರೆ,
ಒಂದೂ ಅಳಿಸಿಲ್ಲ.

ಸ್ಕೇಲು ಎಲ್ಲಿಟ್ಟೆನೋ,
ಹುಡುಕಿದೆ, ಸಿಗಲಿಲ್ಲ.